ಆಳು ಮಾಡಿದ ತಪ್ಪಿಗೆ ಮಾಲೀಕ ಯಾಕೆ ಹೊಣೆ?

ಬಿತ್ತನೆ, ಒಕ್ಕಣೆ ಕಾಲದಲ್ಲಿ ಟ್ರಾಕ್ಟರನ್ನು ಆಳಿನ ಕೈಗೆ ಕೊಟ್ಟು ನಾವು ಬೇರೆ ಕೆಲಸಕ್ಕೆ ಹೋಗುವುದು ಮಾಮೂಲು. ದಾರಿಯಲ್ಲಿ ಅದು ಯಾರಿಗಾದರೂ ಗುದ್ದಿತು ಅನ್ನಿ. "ನಾನು ಊರಲ್ಲೇ ಇರಲಿಲ್ಲ, ಓಡಿಸಿದವನನ್ನೇ ಕೇಳಿ" ಅಂದರೆ ಕೋರ್ಟು ಒಪ್ಪುವುದಿಲ್ಲ. ಅಜಾಗರೂಕತೆಯಿಂದ ಓಡಿಸಿದ್ದಕ್ಕೆ ಪೊಲೀಸ್ ಕೇಸು ಡ್ರೈವರನ ಮೇಲೆ, ನಿಜ. ಆದರೆ ಗಾಯಗೊಂಡವರಿಗೆ, ಸತ್ತವರ ಮನೆಯವರಿಗೆ ಕೊಡುವ ಪರಿಹಾರದ ಹೊಣೆ ಮಾಲೀಕನ ಮೇಲೂ ಬರುತ್ತದೆ.

ಇದರ ಲೆಕ್ಕ ಸರಳ. ಆಳು ಹೋದದ್ದು ನಮ್ಮ ಕೆಲಸಕ್ಕೆ, ಅದರ ಲಾಭ ನಮಗೆ. ಅಂದ ಮೇಲೆ ಆ ಕೆಲಸದಲ್ಲಿ ಬೇರೆಯವರಿಗಾದ ನಷ್ಟವನ್ನೂ ನಾವೇ ತುಂಬಿಕೊಡಬೇಕು. ಸರಕಾರಕ್ಕೂ ಇದು ತಪ್ಪಿಲ್ಲ. 1952ರಲ್ಲಿ ರಾಜಸ್ಥಾನದ ಉದಯಪುರದಲ್ಲಿ ಕಲೆಕ್ಟರರ ಜೀಪನ್ನು ರಿಪೇರಿ ಮಾಡಿಸಿ ತರುತ್ತಿದ್ದ ಡ್ರೈವರ್, ನಡೆದು ಹೋಗುತ್ತಿದ್ದ ಒಬ್ಬರಿಗೆ ಗುದ್ದಿದ. ಅವರು ತೀರಿಕೊಂಡರು. ರಾಜ್ಯ ಸರಕಾರವೇ ಪರಿಹಾರ ಕೊಡಬೇಕು ಅಂತ 1962ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಆಳು ನಮಗೆ ಹೇಳದೆ ತನ್ನ ಸ್ವಂತ ಕೆಲಸಕ್ಕೆ ಗಾಡಿ ಒಯ್ದಿದ್ದರೆ ಮಾತು ಬೇರೆ. ಆದರೆ ಅದನ್ನು ರುಜುವಾತು ಮಾಡುವುದು ಸುಲಭವಲ್ಲ. ಇನ್ನು, ಬೇರೆಯವರ ಟ್ರಾಕ್ಟರನ್ನು ಡ್ರೈವರ್ ಸಮೇತ ಬಾಡಿಗೆಗೆ ಕರೆಸಿದರೆ, ಆ ಡ್ರೈವರನ ತಪ್ಪಿಗೆ ಸಾಮಾನ್ಯವಾಗಿ ಹೊಣೆ ಟ್ರಾಕ್ಟರಿನ ಮಾಲೀಕನೇ.

"ವಿಮೆ ಇದೆಯಲ್ಲ" ಅಂತ ಸುಮ್ಮನಿರಬೇಡಿ. ಷರತ್ತು ಮುರಿದರೆ ವಿಮೆಯೂ ಕೈಕೊಡುತ್ತದೆ. ಬೇಸಾಯಕ್ಕೆಂದು ವಿಮೆ ಮಾಡಿಸಿದ್ದ ಒಂದು ಟ್ರಾಕ್ಟರನ್ನು ಇಟ್ಟಿಗೆ ಭಟ್ಟಿಯ ಮಣ್ಣಿನ ಕೆಲಸಕ್ಕೆ ಬಳಸಿದ್ದರು. ಟ್ರಾಲಿಯಲ್ಲಿ ಹೋಗುತ್ತಿದ್ದ ಕೂಲಿಯವ ಬಿದ್ದು ಗಾಯಗೊಂಡ. ಇದು ವಿಮೆ ಕಂಪನಿಯ ಹೊಣೆಯಲ್ಲ ಅಂತ 2007ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಡವನಿಗೆ ತೊಂದರೆಯಾಗಬಾರದು ಅಂತ, ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಅಂದಿತು. ಲೈಸೆನ್ಸ್ ಇಲ್ಲದವನಿಗೆ ಗೊತ್ತಿದ್ದೂ ಗಾಡಿ ಕೊಟ್ಟರೂ ಹೀಗೆಯೇ ವಸೂಲಿ ಬರಬಹುದು.

ನಮ್ಮಂಥವರ ಹತ್ತಿರ ಅಷ್ಟು ಹಣ ಎಲ್ಲಿದೆ? ಕೊನೆಗೆ ಕೈಬಿಡುವುದು ಇರುವ ಎರಡೆಕರೆ ಬೆದ್ದಲು. ಅದಕ್ಕೇ ಇಷ್ಟು ಮಾಡಿ:

1. ಲೈಸೆನ್ಸ್ ಕಣ್ಣಾರೆ ನೋಡಿ, ಅವಧಿ ಮುಗಿದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಕೀಲಿ ಕೊಡಿ.
2. ವಿಮೆ ಒಂದು ದಿನವೂ ತಪ್ಪದಂತೆ ಕಟ್ಟಿ. ಯಾವ ಕೆಲಸಕ್ಕೆ, ಯಾರಿಗೆ ಅನ್ವಯ ಅಂತ ಓದಿಸಿ ತಿಳಿಯಿರಿ. ಟ್ರಾಲಿಯದ್ದನ್ನೂ ವಿಚಾರಿಸಿ.
3. ಟ್ರಾಲಿಯಲ್ಲಿ, ಮಡ್‌ಗಾರ್ಡಿನ ಮೇಲೆ ಜನ ಕೂರಿಸಬೇಡಿ.
4. ಕೆಲಸ ಮುಗಿದ ಮೇಲೆ ಕೀಲಿ ನಿಮ್ಮ ಮನೆಯ ಗೂಟದಲ್ಲೇ ಇರಲಿ.