ಬರಕೊಂಡು ಹೋದವರು ತಿರುಗಿ ಬರಲಿಲ್ರೀ

ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗಿದ್ದೆ. ಗೊಂಬೆ ಮಾಡುವ ಹಿರಿಯರೊಬ್ಬರು ಹುಣಸೆ ಬೀಜದ ಅಂಟು ಕಲಸುತ್ತ ಕೂತಿದ್ದರು. ನಾನು ನೋಟ್‌ಬುಕ್ ತೆಗೆದಿದ್ದೇ ತಡ, ಕೈ ನಿಲ್ಲಿಸಿದರು.

‘ನೀವೂ ಪಿಎಚ್‌.ಡಿ. ಮಾಡೋರೇನ್ರಿ ಮೇಡಂ? ಭಾಳ ಮಂದಿ ಬಂದ್ರು, ಬರಕೊಂಡು ಹೋದ್ರು. ಏನ್ ಬರದ್ರಂತ ಯಾರೂ ತಿರುಗಿ ಬಂದು ತೋರಸಲಿಲ್ಲ.’

ನಾಚಿಕೆಯಾಯಿತು. ನಾನು ಪಿಎಚ್‌.ಡಿ.ಯವಳಲ್ಲ, ಕುಷ್ಟಗಿಯಲ್ಲಿ ಅತಿಥಿ ಉಪನ್ಯಾಸಕಿ. ಆದರೆ ಎಂ.ಎ.ಗೆ ಗಂಗಾವತಿ ತಾಲೂಕಿನ ಹಿರೇಬೆಣಕಲ್‌ನ ಶಿಲಾಸಮಾಧಿಗಳ ಮೇಲೆ ಕಿರುಪ್ರಬಂಧ ಬರೆದಿದ್ದೆ. ಗುಡ್ಡ ಹತ್ತಿಸಿ ದಾರಿ ತೋರಿಸಿದ ಊರಿನವರಿಗೆ ಅದರ ಒಂದು ಹಾಳೆಯನ್ನೂ ತೋರಿಸಿಲ್ಲ. ರಟ್ಟು ಹಾಕಿದ ಪ್ರತಿ ಯಾವುದೋ ಬೀರುವಿನಲ್ಲಿದೆ, ಬೀಗದ ಕೈ ಯಾರ ಹತ್ತಿರವೋ.

ನಮ್ಮ ಕಡೆ ಪ್ರಬಂಧ ಓದೋದೇ ಒಂದು ಪ್ರಯಾಣ. ಮೊದಲು ಕಲಬುರಗಿ, 2010ರ ನಂತರ ಬಳ್ಳಾರಿ. ಯಲಬುರ್ಗಾದಿಂದ ಬಸ್ ಹಿಡಿದು ಹೋದವರಿಗೆ ‘ಹೊರಗಿನವರಿಗೆ ಕೊಡಲ್ಲ’ ಅಂದರೆ ಆ ದಿನ ಮುಗೀತು. ನನಗೇ ಒಂದು ಗ್ರಂಥಾಲಯದಲ್ಲಿ ಹಾಗಾಗಿದೆ.

ಈಗ ಶೋಧಗಂಗಾ ಇದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ಭಂಡಾರದಲ್ಲಿ ದೇಶದ ಲಕ್ಷಾಂತರ ಪಿಎಚ್‌.ಡಿ. ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಪ್ರಬಂಧದ ಡಿಜಿಟಲ್ ಪ್ರತಿ ಸಲ್ಲಿಸಬೇಕು ಅಂತ ಯುಜಿಸಿ 2009ರಲ್ಲೇ ನಿಯಮ ಮಾಡಿತ್ತು. ಅಧ್ಯಾಯಕ್ಕೊಂದು ಪಿಡಿಎಫ್, ಹಾಗಾಗಿ ಫೋನಿನಲ್ಲೂ ಓದಬಹುದು. 2025ರಲ್ಲಿ ಶುರುವಾದ ‘ಒಂದು ದೇಶ ಒಂದು ಚಂದಾ’ ಬೇರೆ ಮಾತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಆ ಯೋಜನೆಯಲ್ಲಿ ಸುಮಾರು 13,000 ನಿಯತಕಾಲಿಕೆಗಳಿವೆ, ಆದರೆ ಸರ್ಕಾರಿ ಸಂಸ್ಥೆಗಳ ಒಳಗಿದ್ದವರಿಗೆ ಮಾತ್ರ. ಕಿನ್ನಾಳದ ಕಾಕಾಗೆ ಅದು ಬಾಗಿಲು ತೆರೆಯೋದಿಲ್ಲ.

ಶೋಧಗಂಗಾದಲ್ಲೂ ಕನ್ನಡ ಪ್ರಬಂಧ ಹುಡುಕೋದು ಸುಲಭ ಅಂದುಕೋಬೇಡಿ. ಹಳೆಯವು ಸ್ಕ್ಯಾನ್ ಮಾಡಿದ ಚಿತ್ರಗಳು. ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಹಾಕಿರುತ್ತಾರೆ. ಕಿನ್ನಾಳಕ್ಕೆ ಒಬ್ಬರು ಎರಡು ಎನ್ ಬರೆದರೆ ಇನ್ನೊಬ್ಬರು ಎನ್ ಮುಂದೆ ಎಚ್ ಬರೀತಾರೆ. ನಾನು ಎರಡೂ ರೀತಿ ಹುಡುಕಿ, ಕೊನೆಗೆ ‘ಜಾನಪದ ಕಲೆ’ ಅಂತ ಹುಡುಕಿದಾಗ ಒಂದು ಅಧ್ಯಾಯ ಸಿಕ್ಕಿತು.

ತಳಕಲ್‌ನಲ್ಲಿರುವ ನಮ್ಮ ಕೊಪ್ಪಳ ವಿಶ್ವವಿದ್ಯಾಲಯ ಇನ್ನೂ ಎಳೆಯದು. ಡಿಸ್ಪೇಸ್ ಎಂಬ ತಂತ್ರಾಂಶ ಉಚಿತ, ಪಿಎಚ್‌.ಡಿ. ಜೊತೆ ಎಂ.ಎ. ಕಿರುಪ್ರಬಂಧಗಳನ್ನೂ ಯೂನಿಕೋಡ್‌ನಲ್ಲೇ ಪಡೆದು, ಊರಿನ ಹೆಸರನ್ನು ಕನ್ನಡದಲ್ಲೂ ನಮೂದಿಸಿ, ಮೊದಲ ದಿನದಿಂದಲೇ ಏರಿಸುತ್ತ ಹೋಗಬಹುದು. ಹಳೇ ರಾಶಿಯ ತಲೆನೋವು ಇಲ್ಲ. ನನ್ನ ಪ್ರಬಂಧದ ಮನೆ ಪ್ರತಿಯನ್ನಂತೂ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕಿದೆ, ‘ಹಿರೇಬೆಣಕಲ್’ ಅಂತ ಕನ್ನಡದಲ್ಲೇ ಬರೆದು.

ಹೋದ ತಿಂಗಳು ಮತ್ತೆ ಕಿನ್ನಾಳಕ್ಕೆ ಹೋಗಿ ಆ ಅಧ್ಯಾಯ ತೋರಿಸಿದೆ. ಕಾಕಾ ಕನ್ನಡಕ ಏರಿಸಿ, ನನ್ನ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನಕ್ಕೆ ಓದಿದರು. ಎರಡನೇ ಪುಟಕ್ಕೆ ನಿಂತರು.

‘ಬೀಜ ನೆನೆಸೋದು ಇಷ್ಟು ಹೊತ್ತಲ್ಲ ಯವ್ವಾ, ತಪ್ಪು ಬರದಾರ. ತಗಿ ನಿನ್ನ ಪುಸ್ತಕ, ಬರಕೋ.’