ತೊಟ್ಟಿಲ ಶಿಶುವಿಗೆ ಮನೆಮಂದಿಯೇ ಕಾವಲು

ನಮ್ಮ ಕುಟುಂಬಗಳಲ್ಲಿ ಮಗುವಿನ ಜನನವು ಒಂದು ಮನೆಯ ಸಂಭ್ರಮವಾಗಿಯೇ ಉಳಿಯುವುದಿಲ್ಲ. ಬಾಣಂತಿ ತವರುಮನೆ ಸೇರಿದ ದಿನದಿಂದಲೇ ನೆಂಟರಿಷ್ಟರೂ ನೆರೆಹೊರೆಯವರೂ ಮಗುವನ್ನು ನೋಡಲು ಬರತೊಡಗುತ್ತಾರೆ. ಜ್ಞಾನಸ್ನಾನ ಮುಗಿಸಿ ಇಗರ್ಜಿಯಿಂದ ಹೊರಬರುವ ಹೊತ್ತಿಗೆ ಆ ಪುಟ್ಟ ಜೀವ ಹತ್ತಾರು ಕೈಗಳನ್ನು ದಾಟಿ, ಹತ್ತಾರು ಮುತ್ತುಗಳನ್ನು ಪಡೆದಿರುತ್ತದೆ. ಇದು ಪ್ರೀತಿಯ ರೀತಿ, ಯಾರೂ ಆಕ್ಷೇಪಿಸುವಂತಿಲ್ಲ. ಆದರೆ ಹಾಗೆ ಮುತ್ತಿಡಲು ಬಾಗಿದವರಲ್ಲಿ ಒಬ್ಬರಿಗೆ ಎರಡು ವಾರಗಳಿಂದ ಬಿಡದ ಕೆಮ್ಮು ಇದ್ದರೆ? ಹವೆ ಬದಲಾದುದರಿಂದ ಬಂದ ಕೆಮ್ಮೆಂದು ಅವರು ಅದನ್ನು ಕಡೆಗಣಿಸಿದ್ದರೆ?

ಹಿರಿಯರಲ್ಲಿ ಸಾಮಾನ್ಯ ಕೆಮ್ಮಿನಂತೆ ತೋರಿ, ಹಸುಗೂಸಿಗೆ ಪ್ರಾಣಾಂತಕವಾಗಬಲ್ಲ ರೋಗವೊಂದಿದೆ. ಅದೇ ನಾಯಿಕೆಮ್ಮು. ಇದನ್ನು ಉಂಟುಮಾಡುವ ಬ್ಯಾಕ್ಟೀರಿಯಾವನ್ನು ಜೂಲ್ಸ್ ಬೋರ್ಡೆ ಮತ್ತು ಆಕ್ಟೇವ್ ಜೆಂಗೂ ಎಂಬ ಬೆಲ್ಜಿಯಂ ದೇಶದ ವಿಜ್ಞಾನಿಗಳು 1906ರಲ್ಲಿ ಬೇರ್ಪಡಿಸಿ ತೋರಿಸಿದರು. ಕೆಮ್ಮಿದಾಗ, ಸೀನಿದಾಗ ಹಾರುವ ಹನಿಗಳ ಮೂಲಕ ಇದು ಹರಡುತ್ತದೆ. ತುಸು ದೊಡ್ಡ ಮಕ್ಕಳಲ್ಲಿ ಕೆಮ್ಮಿನ ಕೊನೆಗೆ ಉಸಿರೆಳೆದುಕೊಳ್ಳುವಾಗ ಕೂಗಿನಂತಹ ಸದ್ದು ಕೇಳಿಸುತ್ತದೆ. ಎಳೆಯ ಶಿಶುವಿನಲ್ಲಿ ಆ ಸದ್ದೂ ಇರುವುದಿಲ್ಲ. ಕೆಲವೊಮ್ಮೆ ಕೆಮ್ಮೇ ಇರುವುದಿಲ್ಲ. ಮಗು ಉಸಿರಾಟವನ್ನೇ ನಿಲ್ಲಿಸಿ ನೀಲಿಗಟ್ಟಬಹುದು. ರೋಗದ ಗುರುತು ಸಿಗುವಷ್ಟರಲ್ಲಿ ನ್ಯುಮೋನಿಯಾ ಆವರಿಸಿರಬಹುದು.

ಹಾಗಾದರೆ ಮಗುವಿಗೆ ಲಸಿಕೆ ಹಾಕಿಸಿದರಾಯಿತಲ್ಲವೇ ಎಂದು ಕೇಳಬಹುದು. ತೊಡಕಿರುವುದು ಅಲ್ಲಿಯೇ. ನಮ್ಮ ದೇಶದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ನಾಯಿಕೆಮ್ಮಿನ ವಿರುದ್ಧ ಮೊದಲ ಚುಚ್ಚುಮದ್ದು ದೊರೆಯುವುದು ಮಗುವಿಗೆ 6 ವಾರ ತುಂಬಿದಾಗ. ಗಂಟಲುಮಾರಿ, ಧನುರ್ವಾಯು, ಹೆಪಟೈಟಿಸ್ ಬಿ ಹಾಗೂ ಹಿಬ್ ರೋಗಗಳ ಲಸಿಕೆಯೊಂದಿಗೆ ಸೇರಿಸಿ ಕೊಡುವ ಈ ಪೆಂಟಾವೇಲೆಂಟ್ ಲಸಿಕೆಯನ್ನು 10 ಹಾಗೂ 14ನೆಯ ವಾರಗಳಲ್ಲಿ ಮತ್ತೆ ಕೊಡುತ್ತಾರೆ. ಮೂರೂ ಬಾರಿ ಪಡೆದ ಮೇಲೆಯೇ ರಕ್ಷಣೆ ಬಲಗೊಳ್ಳುತ್ತದೆ. ಅಂದರೆ ಬದುಕಿನ ಮೊದಲ ಮೂರು ತಿಂಗಳಲ್ಲಿ, ರೋಗ ಅತಿ ಕ್ರೂರವಾಗಿರುವ ಅವಧಿಯಲ್ಲಿಯೇ, ಮಗುವಿಗೆ ಸ್ವಂತ ರಕ್ಷಾಕವಚ ಇಲ್ಲ. ಸುತ್ತಲಿನವರು ರೋಗವನ್ನು ಮನೆಯೊಳಗೆ ತಾರದಿರುವುದೇ ಅದಕ್ಕಿರುವ ಕೋಟೆ. ನಮ್ಮ ದೊಡ್ಡ ಮಗುವಿಗೆ ಲಸಿಕೆ ಹಾಕಿಸುವುದೋ ಬಿಡುವುದೋ ಎಂಬ ನಿರ್ಧಾರವು ತೊಟ್ಟಿಲಲ್ಲಿರುವ ಶಿಶುವಿನ ಕುರಿತ ನಿರ್ಧಾರವೂ ಆಗುವುದು ಹೀಗೆ.

ಈ ಕೋಟೆ ಕುಸಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ದೇಶದ ಅನುಭವ ಸಾಕ್ಷಿಯಾಗಿದೆ. ನಾಯಿಕೆಮ್ಮಿಗೆ ಆ ದೇಶದ ಜನ ಇಟ್ಟಿರುವ ಹೆಸರಿನ ಅರ್ಥವೇ 'ನೂರು ದಿನಗಳ ಕೆಮ್ಮು'. 1974ರ ವೇಳೆಗೆ ಅಲ್ಲಿನ ಮಕ್ಕಳಲ್ಲಿ ಶೇಕಡಾ 80ರಷ್ಟು ಮಂದಿ ಲಸಿಕೆ ಪಡೆಯುತ್ತಿದ್ದರು. ಆ ವರ್ಷ ಇಡೀ ದೇಶದಲ್ಲಿ ವರದಿಯಾದ ಪ್ರಕರಣಗಳು 400ಕ್ಕೂ ಕಡಿಮೆ, ಸಾವು ಒಂದೂ ಇಲ್ಲ. ಆ ಚಳಿಗಾಲದಲ್ಲಿ ಲಸಿಕೆ ಪಡೆದ ಬಳಿಕ ಇಬ್ಬರು ಮಕ್ಕಳು ತೀರಿಕೊಂಡರು. ಹೆತ್ತವರು ಕಂಗೆಟ್ಟರು. 1975ರ ಆರಂಭದಲ್ಲಿ ಸರ್ಕಾರ ಲಸಿಕೆಯನ್ನು ತಡೆಹಿಡಿಯಿತು. ಕೆಲವೇ ತಿಂಗಳಲ್ಲಿ ಮತ್ತೆ ಆರಂಭಿಸಿತಾದರೂ 2 ವರ್ಷ ತುಂಬಿದ ಮಕ್ಕಳಿಗಷ್ಟೇ ಕೊಡಬೇಕೆಂದಿತು. ಜನರ ವಿಶ್ವಾಸ ಮರಳಲಿಲ್ಲ. 1976ರಲ್ಲಿ ಲಸಿಕೆ ಪಡೆದ ಮಕ್ಕಳ ಪ್ರಮಾಣ ಶೇಕಡಾ 10ಕ್ಕೆ ಇಳಿಯಿತು. 1979ರಲ್ಲಿ ಸುಮಾರು 13,000 ಮಂದಿಗೆ ನಾಯಿಕೆಮ್ಮು ತಗಲಿ, 41 ಮಂದಿ ಸಾವನ್ನಪ್ಪಿದರು.

ಆ ತಂದೆತಾಯಂದಿರು ಮಕ್ಕಳನ್ನು ಪ್ರೀತಿಸದವರೇನಲ್ಲ. ಪ್ರೀತಿಯಿಂದಲೇ ಅವರು ಹೆದರಿದರು. ಲಸಿಕೆಯಿಂದ ಆಗಬಹುದಾದ ಕೆಡುಕು ಅವರ ಕಣ್ಣಿಗೆ ಬಿತ್ತು. ಲಸಿಕೆ ತಡೆದಿದ್ದ ಕೆಡುಕು ಕಾಣದಾಗಿತ್ತು. ಜಪಾನಿನ ವಿಜ್ಞಾನಿಗಳು ಜ್ವರ, ಊತಗಳನ್ನು ಕಡಿಮೆ ಮಾಡುವ ಹೊಸ ಬಗೆಯ ಲಸಿಕೆಯನ್ನು ರೂಪಿಸಿದರು. 1981ರಿಂದ ಅದು ಅಲ್ಲಿ ಬಳಕೆಗೆ ಬಂತು. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ 'ನೋವಿಲ್ಲದ ಚುಚ್ಚುಮದ್ದು' ಎಂದು ಕರೆಯುವುದು ಇದೇ ಬಗೆಯದನ್ನು. ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಹಳೆಯ ಬಗೆಯ ಲಸಿಕೆಯಿಂದ ಒಂದೆರಡು ದಿನ ಜ್ವರ, ತೊಡೆಯಲ್ಲಿ ಬಾವು ಬರುವುದುಂಟು. ಆದರೆ ಅದರ ರಕ್ಷಣೆ ಹೆಚ್ಚು ಕಾಲ ಬಾಳುತ್ತದೆ. ಆದುದರಿಂದ ಹಣವಿಲ್ಲವೆಂದು ಸರ್ಕಾರಿ ಲಸಿಕೆಯನ್ನು ಅವಲಂಬಿಸಿದವರು ಮಗುವಿಗೆ ಕೊರತೆ ಮಾಡಿದೆವೆಂದು ಕೊರಗಬೇಕಾಗಿಲ್ಲ.

ತೆರೆದುಳಿದ ಆ ಮೊದಲ ವಾರಗಳಿಗೂ ಈಗ ಒಂದು ಉಪಾಯವಿದೆ. 2012ರಲ್ಲಿ ಬ್ರಿಟನ್ನಿನಲ್ಲಿ ನಾಯಿಕೆಮ್ಮು ಉಲ್ಬಣಿಸಿ 14 ಹಸುಳೆಗಳು ಅಸುನೀಗಿದಾಗ, ಅದೇ ವರ್ಷದ ಅಕ್ಟೋಬರ್ ತಿಂಗಳಿಂದ ಗರ್ಭಿಣಿಯರಿಗೆ ಈ ಲಸಿಕೆಯನ್ನು ಕೊಡಲಾರಂಭಿಸಿದರು. ತಾಯಿಯ ರಕ್ತದಲ್ಲಿ ಉಂಟಾದ ರೋಗನಿರೋಧಕ ಶಕ್ತಿಯು ಗರ್ಭಸ್ಥ ಶಿಶುವಿಗೆ ಹರಿದು, ಹುಟ್ಟುವಾಗಲೇ ಅದಕ್ಕೆ ರಕ್ಷೆಯಾಗುತ್ತದೆ. ಮೂರು ತಿಂಗಳೊಳಗಿನ ಶಿಶುಗಳಲ್ಲಿ ಇದು ಹತ್ತರಲ್ಲಿ ಒಂಬತ್ತು ಪಾಲು ಪರಿಣಾಮಕಾರಿ ಎಂದು ಅಲ್ಲಿನ ಅಧ್ಯಯನ ತೋರಿಸಿತು. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ಕೊಡುವ 'ಟಿಡಿ' ಚುಚ್ಚುಮದ್ದು ಧನುರ್ವಾಯು ಮತ್ತು ಗಂಟಲುಮಾರಿಗೆ ಮಾತ್ರ ಮೀಸಲು. ನಾಯಿಕೆಮ್ಮಿನ ರಕ್ಷಣೆಯೂ ಸೇರಿದ 'ಟಿಡ್ಯಾಪ್' ಲಸಿಕೆಯ ಬಗ್ಗೆ ಪ್ರಸೂತಿ ವೈದ್ಯರನ್ನು ಕೇಳಿ ತಿಳಿಯುವುದು ಒಳಿತು.

ದಡಾರದ ವಿಷಯವೂ ಇದೇ ಬಗೆಯದು. ಅದರ ಮೊದಲ ಲಸಿಕೆ ದೊರೆಯುವುದು 9 ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ತಾಯಿಯಿಂದ ಬಂದ ಶಕ್ತಿ ದಿನೇ ದಿನೇ ಕುಂದುತ್ತಾ ಹೋಗುತ್ತದೆ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿಯೂ ದಡಾರದ ವೈರಾಣು ಎರಡು ಗಂಟೆಗಳವರೆಗೆ ಉಳಿಯಬಲ್ಲದು.

ದಡಾರದೊಂದಿಗೆ ಕೊಡುವ ರುಬೆಲ್ಲಾ ಲಸಿಕೆಯ ಕುರಿತು ಕೆಲವು ಕಥೋಲಿಕ ಪೋಷಕರ ಮನಸ್ಸಿನಲ್ಲಿ ನೈತಿಕ ಅಳುಕಿದೆ. ಅದರ ವೈರಾಣುವನ್ನು ಬೆಳೆಸಲು, 1960ರ ದಶಕದಲ್ಲಿ ಗರ್ಭಪಾತಕ್ಕೀಡಾದ ಭ್ರೂಣದಿಂದ ಪಡೆದ ಜೀವಕೋಶಗಳ ಸಂತತಿಯನ್ನು ಬಳಸುತ್ತಾರೆ ಎಂಬುದು ನಿಜ. ನಾಯಿಕೆಮ್ಮಿನ ಲಸಿಕೆಗೆ ಈ ಸಂಬಂಧವಿಲ್ಲ. ಅದು ಬ್ಯಾಕ್ಟೀರಿಯಾದಿಂದಲೇ ತಯಾರಾಗುತ್ತದೆ. ರುಬೆಲ್ಲಾದ ಪ್ರಶ್ನೆಯನ್ನು ವ್ಯಾಟಿಕನ್ನಿನ ಜೀವಪರ ಅಕಾಡೆಮಿಯು 2005ರಲ್ಲಿಯೂ 2017ರಲ್ಲಿಯೂ ಪರಿಶೀಲಿಸಿದೆ. ವೈದ್ಯರು ಸಲಹೆ ಮಾಡುವ ಲಸಿಕೆಗಳನ್ನು ನಿರ್ಮಲ ಮನಸ್ಸಾಕ್ಷಿಯಿಂದ ಪಡೆಯಬಹುದು, ಮಕ್ಕಳನ್ನೂ ಸಮಾಜವನ್ನೂ ಅಪಾಯದಿಂದ ಕಾಯಲು ಲಸಿಕೆ ಹಾಕಿಸುವುದು ನೈತಿಕ ಹೊಣೆ ಎಂಬುದು 2017ರ ಟಿಪ್ಪಣಿಯ ತಾತ್ಪರ್ಯ. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಗರ್ಭದಲ್ಲಿರುವ ಶಿಶುವಿನ ಕಣ್ಣು, ಕಿವಿ, ಹೃದಯಗಳಿಗೆ ಹಾನಿಯಾಗಬಹುದು. ಹುಟ್ಟಲಿರುವ ಜೀವವನ್ನು ಗೌರವಿಸುವವರು ಮರೆಯಬಾರದ ಸಂಗತಿ ಇದು.

ಮಾಡಬೇಕಾದ ಕೆಲಸಗಳು ಕಷ್ಟದವೇನಲ್ಲ. ತಾಯಿ ಕಾರ್ಡನ್ನು ಇಂದೇ ತೆರೆದು ನೋಡೋಣ. 16ರಿಂದ 24 ತಿಂಗಳೊಳಗಿನ ಮತ್ತು 5-6ನೆಯ ವರ್ಷದ ವರ್ಧಕ ಚುಚ್ಚುಮದ್ದುಗಳನ್ನು ಮರೆಯುವ ಮನೆಗಳುಂಟು. ಶಾಲೆಗೆ ಹೋಗುವ ಅಣ್ಣ, ಅಕ್ಕಂದಿರೇ ಮನೆಗೆ ಕೆಮ್ಮನ್ನು ಹೊತ್ತು ತರುವವರು. ಸಣ್ಣ ಶೀತವಿದೆಯೆಂದು ಲಸಿಕೆಯನ್ನು ಮುಂದೂಡಬೇಕಾಗಿಲ್ಲ. ಹಿಂದೆ ಲಸಿಕೆ ಪಡೆದಾಗ ಮಗುವಿಗೆ ತೀವ್ರ ತೊಂದರೆಯಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಎಳೆಯ ಶಿಶು ಉಸಿರು ತಡೆದರೆ, ನೀಲಿಗಟ್ಟಿದರೆ, ಹಾಲು ಕುಡಿಯದಿದ್ದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಇನ್ನು ಕೆಮ್ಮುವ ಅಜ್ಜ, ಅಜ್ಜಿ, ಮಾವ, ಚಿಕ್ಕಮ್ಮಂದಿರು ಗುಣವಾಗುವ ತನಕ ಮಗುವನ್ನು ದೂರದಿಂದ ನೋಡಿ ಹರಸಲಿ. 'ಕೆಮ್ಮು ವಾಸಿಯಾದ ಮೇಲೆ ಎತ್ತಿಕೊಳ್ಳಿ' ಎಂದು ಬಾಣಂತಿ ಹೇಳಿದರೆ ಅದನ್ನು ಅವಮಾನವೆಂದು ಯಾರೂ ಎಣಿಸದಿರಲಿ. ಜ್ಞಾನಸ್ನಾನದಂದು ಮಗುವನ್ನು ಎತ್ತಿ ಹಿಡಿಯುವ ಜ್ಞಾನತಂದೆತಾಯಂದಿರು ಆತ್ಮದ ಪೋಷಣೆಯ ಹೊಣೆಯನ್ನು ಹೊರುತ್ತಾರೆ. ಅದರೊಂದಿಗೆ ಆ ಪುಟ್ಟ ಉಸಿರಿನ ಹೊಣೆಯನ್ನೂ ನಾವೆಲ್ಲರೂ ಸೇರಿ ಹೊರಬೇಕಾಗಿದೆ.