ಕಡತಗಳ ಹಕ್ಕು ಕೆಟ್ಟಾಗ

ತುಂಬಿದ ಮನೆಯಲ್ಲಿ ಒಂದೊಂದು ಬಾಗಿಲಿಗೂ ಒಂದು ಕಟ್ಟಳೆಯುಂಟು. ಜಗಲಿಗೆ ಯಾರು ಬೇಕಾದರೂ ಬಂದು ಕೂಡಬಹುದು. ನಡುಮನೆಗೆ ನೆಂಟರಿಷ್ಟರು ಬರಬಹುದು. ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಮಾತ್ರ ಯಜಮಾನರ ಬಳಿಯೇ ಇರುತ್ತದೆ. ಕಂಪ್ಯೂಟರಿನ ಒಳಗೂ ಇಂಥದೇ ಏರ್ಪಾಡಿದೆ. ಕೈತಪ್ಪಿನಿಂದ ಅದು ಒಂದೇ ಗಳಿಗೆಯಲ್ಲಿ ಕೆಟ್ಟುಹೋದರೆ ಏನು ಮಾಡಬೇಕು?

೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಇಂದಿನ ಲಿನಕ್ಸ್ ಅನುಸರಿಸುವುದು ಅದರ ಪದ್ಧತಿಯನ್ನೇ. ಪ್ರತಿಯೊಂದು ಕಡತಕ್ಕೂ ಒಡೆಯ, ಗುಂಪು, ಉಳಿದವರು ಎಂದು ಮೂರು ಬಗೆಯ ಹಕ್ಕುದಾರರು. ಓದುವ ಹಕ್ಕಿಗೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಅಂಕ. ೬೪೪ ಎಂದರೆ ಒಡೆಯನು ಓದಿ ಬರೆಯಬಹುದು, ಮಿಕ್ಕವರು ಓದಬಹುದಷ್ಟೆ. ೭೭೭ ಎಂದರೆ ಎಲ್ಲರಿಗೂ ಎಲ್ಲ ಹಕ್ಕು.

ಹಕ್ಕು ಬದಲಿಸುವ ಆಜ್ಞೆಗೆ ಚ್‌ಮಾಡ್ ಎಂದು ಹೆಸರು. ತಾನಿರುವ ಕೋಶವನ್ನು ಸೂಚಿಸಲು ಚುಕ್ಕೆಯಿಟ್ಟು ಓರೆಗೆರೆ ಎಳೆಯುತ್ತಾರೆ. ಆ ಚುಕ್ಕೆ ಬಿಟ್ಟುಹೋದರೆ ಓರೆಗೆರೆಯೊಂದೇ ಉಳಿದು, ಇಡೀ ಯಂತ್ರದ ಬುಡವೆಂದು ಅರ್ಥವಾಗುತ್ತದೆ! ಒಂದು ಕೋಶಕ್ಕೆ ಕೊಡಹೊರಟ ೭೭೭ ಎಲ್ಲ ಕಡತಗಳಿಗೂ ಹಬ್ಬುತ್ತದೆ.

ಬಾಗಿಲೆಲ್ಲ ತೆರೆದರೆ ಕೆಲಸ ಸುಲಭವಾಗಬೇಕಲ್ಲವೆ? ಆಗುವುದು ವಿಪರೀತ. ಮೇಲ್ವಿಚಾರಕನ ಅಧಿಕಾರ ಕೊಡಿಸುವ ಸೂಡೊ ಎಂಬ ಕಾರ್ಯಕ್ರಮಕ್ಕೆ ಒಂದು ವಿಶೇಷ ಗುರುತು ಬೇಕು. ಅದು ರಿಚಿಯವರ ಕಲ್ಪನೆ. ೧೯೭೯ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ೭೭೭ ಆ ಗುರುತನ್ನೇ ಅಳಿಸುತ್ತದೆ. ತಪ್ಪನ್ನು ತಿದ್ದಬೇಕಾದ ಕೈಯೇ ಕಟ್ಟಿಬೀಳುತ್ತದೆ. ದೂರದ ಯಂತ್ರಕ್ಕೆ ಹೋಗುವ ಎಸ್‌ಎಸ್‌ಎಚ್ ಸಹ, ಇತರರು ಓದಬಹುದಾದ ಗುಪ್ತಕೀಲಿಯನ್ನು ನಂಬಲು ಒಪ್ಪುವುದಿಲ್ಲ.

ಆದರೆ ಗಾಬರಿ ಬೇಡ. ಮಕ್ಕಳ ಚಿತ್ರಗಳಾಗಲಿ ಮನೆಯ ಲೆಕ್ಕವಾಗಲಿ ಒಂದಕ್ಷರವೂ ಅಳಿದಿಲ್ಲ. ಯಂತ್ರವನ್ನು ಕೂಡಲೆ ಆರಿಸಬಾರದು. ಮೇಲ್ವಿಚಾರಕನ ಅಧಿಕಾರವುಳ್ಳ ಕಿಟಕಿ ತೆರೆದಿದ್ದರೆ ಅದನ್ನು ಮುಚ್ಚಲೇಬಾರದು. ಉಳಿದಿರುವ ಕೀಲಿ ಅದೊಂದೇ. ಅದಿಲ್ಲವಾದರೆ ಪೆನ್‌ಡ್ರೈವಿನಲ್ಲಿರುವ ಬೇರೊಂದು ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಬಹುದು. ಯಾವ ದಾರಿಯಾದರೂ ಮೊದಲ ಕೆಲಸ, ನಮ್ಮ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುವುದು.

ಆಮೇಲೆ ದುರಸ್ತಿ. ಫೆಡೋರಾದಂಥ ವ್ಯವಸ್ಥೆಗಳಲ್ಲಿ ಆರ್‌ಪಿಎಂ ಎಂಬ ಉಗ್ರಾಣಿಯು ತಾನು ತಂದಿಟ್ಟ ಪ್ರತಿ ಕಡತದ ಹಕ್ಕನ್ನೂ ಬರೆದಿಟ್ಟಿರುತ್ತದೆ. ಆ ಪಟ್ಟಿಯಂತೆ ಹಿಂದಿರುಗಿಸಬಹುದು. ಡೆಬಿಯನ್, ಉಬುಂಟುಗಳಲ್ಲಿ ಅಂಥ ಪಟ್ಟಿಯಿಲ್ಲ; ಪ್ಯಾಕೇಜುಗಳನ್ನೇ ಮತ್ತೆ ಸ್ಥಾಪಿಸಬೇಕು. ಗುಪ್ತಕೀಲಿಯ ಕಡತಕ್ಕೆ ನಾವೇ ೬೦೦ ಎಂದು ಕೊಡಬೇಕು. ಆಮೇಲೆ ಹುಟ್ಟಿದ ಕಡತಗಳ ವಿಚಾರ ಉಗ್ರಾಣಿಗೆ ತಿಳಿಯದು. ಆದಕಾರಣ ನಕಲು ಭದ್ರವಾಗಿದ್ದರೆ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದೇ ನಿಶ್ಚಿಂತೆಯ ಮಾರ್ಗ. ಹಲವರು ಬಳಸುವ ಯಂತ್ರವಾದರೆ ಗುಪ್ತಪದಗಳನ್ನೂ ಬದಲಿಸಬೇಕು. ಬಾಗಿಲು ತೆರೆದಿದ್ದಾಗ ಯಾರು ಒಳಬಂದರೋ ಹೇಳಲಾಗದು.

ಯಂತ್ರ ನೆಟ್ಟಗಿರುವಾಗಲೇ ಗೆಟ್‌ಫ್ಯಾಕ್ಲ್ ಎಂಬ ಆಜ್ಞೆಯಿಂದ ಹಕ್ಕುಗಳ ಪಟ್ಟಿಯೊಂದನ್ನು ತೆಗೆದು ಬೇರೆಡೆ ಇಟ್ಟುಕೊಂಡರೆ, ಸೆಟ್‌ಫ್ಯಾಕ್ಲ್‌ನಿಂದ ಅದನ್ನು ಮರಳಿ ಜಾರಿಗೊಳಿಸಬಹುದು. ಬೀಗದ ಕೈಯ ಇನ್ನೊಂದು ಪ್ರತಿಯನ್ನು ತಂಗಿಯ ಮನೆಯಲ್ಲಿ ಇಟ್ಟಂತೆ ಇದು.